ಹಿತ್ತಲಿನ ಕೋಟೆ

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಹಿರಿಯರು ಗಿಡಮೂಲಿಕೆಯ ವಿಷಯಕ್ಕಷ್ಟೇ ಹೇಳಿದರೆಂದು ತಿಳಿಯಬೇಕಾಗಿಲ್ಲ. ಊರ ಪಕ್ಕದ ಕೋಟೆಗೂ ಅದು ಸಲ್ಲುವ ಮಾತೇ. ಕುಮಟೆಯ ತರುಣನೊಬ್ಬನಿಗೆ ಇದು ಮನವರಿಕೆಯಾಗಬೇಕಾದರೆ ಕಡಲು ದಾಟಿ ಇಂಗ್ಲೆಂಡಿಗೆ ಹೋಗಬೇಕಾಯಿತು.

ಉನ್ನತ ವ್ಯಾಸಂಗಕ್ಕೆಂದು ಆತನು ಸೇರಿದ್ದು ಲೀಡ್ಸ್ ನಗರವನ್ನು. ಬ್ಯಾಂಕಿನ ಸಾಲ, ತಂದೆಯ ಉಳಿತಾಯ, ತಾಯಿಯ ಎರಡು ಬಳೆ—ಇವು ಆತನ ಪ್ರಯಾಣದ ಬಂಡವಾಳ. ಆರು ತಿಂಗಳು ಕೋಣೆ ಮತ್ತು ಗ್ರಂಥಾಲಯಗಳ ನಡುವೆಯೇ ಕಳೆದವು. ವಸಂತ ಕಾಲದ ಒಂದು ಶನಿವಾರ, ಊರಿನಿಂದ ಬಂದಿದ್ದ ಅವಲಕ್ಕಿಯನ್ನು ಡಬ್ಬಿಯಲ್ಲಿ ತುಂಬಿಕೊಂಡು, ಆತನು ಯಾರ್ಕ್ ನಗರದ ರೈಲು ಹತ್ತಿದನು. ಅರ್ಧ ಗಂಟೆಯಷ್ಟೇ ದಾರಿ. ನಿಲ್ದಾಣದಿಂದ ಹೊರಬಿದ್ದವನಿಗೆ ಎದುರಿಗೇ ಕಂಡಿತು, ನಗರದ ಕೋಟೆಗೋಡೆ. ಕೆಳಗೆ ಹಸುರು ದಿಬ್ಬ, ದಿಬ್ಬದ ತುಂಬ ಹಳದಿ ಡ್ಯಾಫೊಡಿಲ್ ಹೂ, ಮೇಲೆ ಮಾಸಲು ಬಿಳಿಯ ಸುಣ್ಣಕಲ್ಲಿನ ಪ್ರಾಕಾರ.

ರೋಮನರು ಕ್ರಿ.ಶ. 71ರಲ್ಲಿ ದಂಡಿನ ಪಾಳೆಯವಾಗಿ ಕಟ್ಟಿದ ಊರು ಅದು. ಕಾನ್‌ಸ್ಟಂಟೈನನನ್ನು ಆತನ ಸೈನಿಕರು ಚಕ್ರವರ್ತಿಯೆಂದು ಘೋಷಿಸಿದ್ದು 306ರಲ್ಲಿ, ಅಲ್ಲಿಯೇ. ಈಗ ಕಾಣುವ ಗೋಡೆಯ ಬಹುಭಾಗ ಮಧ್ಯಯುಗದ್ದು. ಸುಮಾರು ಮೂರೂವರೆ ಕಿಲೋಮೀಟರು ಉದ್ದ. ನಡುನಡುವೆ ಕಡಿದುಹೋದರೂ, ಅದರ ಮೇಲೆಯೇ ನಡೆದು ಹಳೆಯ ನಗರವನ್ನು ಸುತ್ತಿಬರಬಹುದು. ಟಿಕೆಟ್ಟಿಲ್ಲ, ಸಂಜೆಗೆ ಬಾಗಿಲು. ಒಂದು ಕಡೆ ಮನೆಗಳ ಹಿತ್ತಲು, ಒಣಗಹಾಕಿದ ಬಟ್ಟೆ, ಮಗುವಿನ ಮೂರು ಗಾಲಿಯ ಸೈಕಲ್ಲು. ಇನ್ನೊಂದು ಕಡೆ ಹೂವಿನ ದಿಬ್ಬ. ಕೋಟೆಯೆಂದರೆ ಪಾಳುಬಿದ್ದ ಜಾಗವೆಂದೇ ತಿಳಿದಿದ್ದ ಆತನಿಗೆ, ಅದರ ಮಡಿಲಲ್ಲಿ ಸಂಸಾರಗಳು ನಡೆದಿದ್ದುದು ಅಚ್ಚರಿಯಾಯಿತು.

ನಗರದ್ವಾರವೊಂದರ ಬಳಿ ಮುದುಕನೊಬ್ಬ ಏಳೆಂಟು ಜನರನ್ನು ಸೇರಿಸಿಕೊಂಡು ಕಥೆ ಹೇಳುತ್ತಿದ್ದನು. ಸಂಬಳವಿಲ್ಲದೆ ಊರು ತೋರಿಸುವವರ ಬಳಗವೊಂದು ಅಲ್ಲಿ 1951ರಿಂದ ಇದೆ. ಅವರು ದುಡ್ಡು ಮುಟ್ಟುವುದಿಲ್ಲ. 1460ರಲ್ಲಿ ಯುದ್ಧದಲ್ಲಿ ಮಡಿದ ಯಾರ್ಕಿನ ಡ್ಯೂಕನ ತಲೆಯನ್ನು ಮಿಕಲ್‌ಗೇಟ್ ದ್ವಾರದ ಮೇಲೆ ನೆಟ್ಟ ಕಥೆಯನ್ನು ಮುದುಕ ಹೇಳಿದನು. ಆದರೆ ಆತನ ದನಿ ನಿಜವಾಗಿ ಏರಿದ್ದು ಬೇರೊಂದು ಪ್ರಸಂಗದಲ್ಲಿ. 1800ರಲ್ಲಿ ಈ ಗೋಡೆಯನ್ನು ಕೆಡವಲು ಹೊರಟದ್ದು ಶತ್ರುವಲ್ಲ, ಸ್ವತಃ ನಗರಸಭೆ! ಬೀದಿಗಳು ಇಕ್ಕಟ್ಟು, ರಿಪೇರಿಗೆ ಖರ್ಚು, ಹಳೆಯ ಕಲ್ಲಿನಿಂದ ಪ್ರಯೋಜನವೇನು ಎಂಬುದು ಅವರ ವಾದ. ಕೆಲವು ಭಾಗಗಳು ನೆಲಕ್ಕುರುಳಿದವು ಕೂಡ. ಊರ ಜನ ಎದ್ದು ನಿಂತರು. ಆ ಊರಿನವನೇ ಆದ ಚಿತ್ರಕಾರ ವಿಲಿಯಂ ಎಟ್ಟಿ ಹಟ ಹಿಡಿದು ವಾದಿಸಿದನು. ಚಂದಾ ಎತ್ತಿ ಗೋಡೆಯನ್ನು ದುರಸ್ತಿ ಮಾಡಿಸಿದರು. ಗೋಡೆ ಉಳಿಯಿತು.

ಕಥೆ ಮುಗಿದ ಮೇಲೆ ಮುದುಕ ತರುಣನತ್ತ ತಿರುಗಿ, ಊರು ಯಾವುದೆಂದು ವಿಚಾರಿಸಿದನು. ಬಳಿಕ ಸಹಜವಾಗಿಯೇ ಕೇಳಿದನು: “ನಿಮ್ಮೂರಿನ ಕಡೆಯೂ ಇಂತಹ ಕೋಟೆಗಳಿವೆಯೇ?”

“ಇಲ್ಲ” ಎಂದನು ತರುಣ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಆ ಕ್ಷಣಕ್ಕೆ ಬಾಯಿಗೆ ಬಂದದ್ದು ಅದೇ. ಆ ರಾತ್ರಿ, ಗೋಡೆಯ ಫೋಟೋಗಳನ್ನು ಮನೆಗೆ ಕಳಿಸಿದಾಗ, ತಂದೆಯ ಉತ್ತರ ಬಂದಿತು: “ತಮಾ, ಇದು ನಮ್ಮ ಮಿರ್ಜಾನ ಕೋಟೆ ಹಾಂಗೇ ಇದ್ದಲಾ! ಕಲ್ಲು ಮಾತ್ರ ಬಿಳಿ.”

ತರುಣನು ಮೊಬೈಲನ್ನು ಕೆಳಗಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತನು. ಮಿರ್ಜಾನ ಆತನ ಮನೆಯಿಂದ ಹತ್ತು ಹನ್ನೊಂದು ಕಿಲೋಮೀಟರು. ಅಂಕೋಲೆಗೆ ಹೋಗುವ ಬಸ್ಸಿನ ಕಿಟಕಿಯಿಂದ ಆ ಊರಿನ ಹೆಸರುಹಲಗೆಯನ್ನು ನೂರು ಬಾರಿ ಓದಿದ್ದನು, ಒಮ್ಮೆಯೂ ಇಳಿದಿರಲಿಲ್ಲ.

ಮುದುಕನಿಗೆ ಏನು ಹೇಳಬಹುದಾಗಿತ್ತು? ಅಘನಾಶಿನಿಯ ದಡದ ಬಳಿ ಕೆಂಪು ಚಿರೇಕಲ್ಲಿನ ಕೋಟೆಯಿದೆ, ಸುತ್ತ ಕಂದಕವಿದೆ, ಬುರುಜು ಬಾವಿಗಳಿವೆ, ಮಳೆಗಾಲದಲ್ಲಿ ಅದರ ಗೋಡೆಗೆಲ್ಲ ಹಸುರು ಮಕಮಲ್ಲು ಹೊದೆಸಿದಂತೆ ಪಾಚಿ ಬೆಳೆಯುತ್ತದೆ ಎನ್ನಬಹುದಾಗಿತ್ತು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಡನೆ ಜನ ಅದನ್ನು ನೆನೆಯುತ್ತಾರೆ, ಪೋರ್ಚುಗೀಸರು ಆಕೆಯನ್ನು ಕಾಳುಮೆಣಸಿನ ರಾಣಿಯೆಂದು ಕರೆದರು ಎನ್ನಬಹುದಾಗಿತ್ತು. ಅಲ್ಲಿ ಉತ್ಖನನ ನಡೆದಾಗ ಮಣ್ಣಿನಡಿಯಿಂದ ಚೀನಾದ ಪಿಂಗಾಣಿಯ ಚೂರುಗಳೂ ಫಿರಂಗಿಯ ಗುಂಡುಗಳೂ ಎದ್ದು ಬಂದವು ಎಂಬುದನ್ನೂ ಸೇರಿಸಬಹುದಾಗಿತ್ತು. 14ನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತ ಅಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಪಾಠಶಾಲೆಗಳನ್ನು ಕಂಡನೆಂಬುದನ್ನು, ವಿಜಯನಗರದ ಕುದುರೆಗಳು ಭಟ್ಕಳದ ಬಂದರಿನಲ್ಲಿ ಇಳಿಯುತ್ತಿದ್ದವೆಂಬುದನ್ನು ಕೇಳಿದ್ದರೆ ಮುದುಕನೇ ಟೊಪ್ಪಿಗೆ ತೆಗೆಯುತ್ತಿದ್ದನೇನೋ!

ಮರುವಾರ ಆತನು ಗ್ರಂಥಾಲಯದಲ್ಲಿ ಹುಡುಕಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿಯ ಪತ್ರಗಳನ್ನು ಓದಿದನು. 17ನೆಯ ಶತಮಾನದಲ್ಲಿಯೇ ಇಂಗ್ಲಿಷಿಗೆ ಬಂದ ಪುಸ್ತಕವದು. ಆ ಪ್ರವಾಸಿ 1623ರಲ್ಲಿ, ಇಕ್ಕೇರಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಸಂಗಡ, ಹೊನ್ನಾವರದಿಂದ ದೋಣಿಯಲ್ಲಿ ಶರಾವತಿಯ ಮೇಲೆ ಗೇರುಸೊಪ್ಪೆಗೆ ಹೋದನು. ಅಷ್ಟು ಚೆಲುವಾದ ನದಿಯನ್ನು ತಾನು ಕಂಡಿಲ್ಲವೆಂದು ಬರೆದನು. ಆದರೆ ರಾಣಿಯ ರಾಜಧಾನಿ? ಇಕ್ಕೇರಿಯ ವೆಂಕಟಪ್ಪ ನಾಯಕನ ವಶವಾಗಿ ಬಹುಕಾಲ ಕಳೆದಿರಲಿಲ್ಲ. ಆಗಲೇ ಅರಮನೆಯ ಜಾಗದಲ್ಲಿ ಮರಗಳೆದ್ದಿದ್ದವು, ರೈತರ ಕೆಲವು ಗುಡಿಸಲುಗಳಷ್ಟೇ ಇದ್ದವು. ಇಂದು ನಗರಬಸ್ತಿಕೇರಿಯ ಕಾಡಿನ ನಡುವೆ ನಿಂತಿರುವ ಚತುರ್ಮುಖ ಬಸದಿಯೇ ಆ ವೈಭವಕ್ಕೆ ಮುಖ್ಯ ಸಾಕ್ಷಿ.

ಅದೇ ಪಯಣದಲ್ಲಿ, ಘಟ್ಟದ ದಾರಿಯ ಹನುಮಂತನ ಗುಡಿಯಲ್ಲಿ, ನಾಲ್ಕು ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಿನಿಂದ ಅಂಕಿ ಬರೆಯುತ್ತ, ರಾಗವಾಗಿ ಲೆಕ್ಕ ಒಪ್ಪಿಸುತ್ತಿದ್ದುದನ್ನು ಆ ಪ್ರವಾಸಿ ನಿಂತು ನೋಡಿದನು. ಮರೆತರೆ ತಿದ್ದುವವರಾರೆಂದು ಕೇಳಿದ್ದಕ್ಕೆ, ನಾಲ್ವರೂ ಒಂದನ್ನೇ ಒಟ್ಟಿಗೆ ಮರೆಯುವುದು ಸಾಧ್ಯವೇ ಇಲ್ಲವೆಂದು ಮಕ್ಕಳು ಉತ್ತರಿಸಿದರಂತೆ. ಈ ಸಾಲಿನ ಬಳಿ ತರುಣನ ಕಣ್ಣು ನಿಂತಿತು. ಯಾರ್ಕಿನ ಗೋಡೆ ಉಳಿದದ್ದೂ ಹೀಗೆಯೇ ಅಲ್ಲವೇ? ನಗರಸಭೆ ಮರೆತಾಗ ಚಿತ್ರಕಾರನಿಗೆ ನೆನಪಿತ್ತು. ಎಲ್ಲರೂ ಒಟ್ಟಿಗೆ ಮರೆತ ದಿನ ಕಲ್ಲಿಗೆ ಗತಿಯಿಲ್ಲ.

ಓದು ಮುಗಿಸಿ ಊರಿಗೆ ಮರಳಿದ ಮೇಲೆ ಆತನು ತಂದೆಯನ್ನು ಕರೆದುಕೊಂಡು ಮಿರ್ಜಾನದಲ್ಲಿ ಬಸ್ಸಿಳಿದನು. ತಂದೆ ಹುಡುಗನಾಗಿದ್ದಾಗ ಶಾಲೆಯ ಮಾಸ್ತರರೊಡನೆ ಒಮ್ಮೆ ಬಂದವರು. ಆಗ ಅಲ್ಲೆಲ್ಲ ಪೊದೆ, ಹಾವಿನ ಭಯ. 2000ದ ಸುಮಾರಿಗೆ ಪುರಾತತ್ವ ಇಲಾಖೆ ಮಣ್ಣು ತೆಗೆಸಿದ ಮೇಲೆ ಕೋಟೆಗೆ ಮತ್ತೆ ರೂಪ ಬಂದಿದೆ. ಆದರೂ ಮೆತ್ತನೆಯ ಚಿರೇಕಲ್ಲಿನಲ್ಲಿ ಮೊಳೆಯಿಂದ ಕೊರೆದ ಹೆಸರುಗಳನ್ನು ಕಂಡು ತಂದೆ ತಲೆಯಾಡಿಸಿದರು.

ಅಷ್ಟರಲ್ಲಿ ಶಾಲಾ ಪ್ರವಾಸದ ಬಸ್ಸೊಂದು ಬಂದು ನಿಂತಿತು. ಮಕ್ಕಳು ಗಲಗಲನೆ ಒಳನುಗ್ಗಿದರು. ಪುಟ್ಟ ಹುಡುಗಿಯೊಬ್ಬಳು ಕಂದಕದ ಅಂಚಿನಲ್ಲಿ ನಿಂತಿದ್ದ ತರುಣನನ್ನು ಕೇಳಿದಳು: “ಅಣ್ಣಾ, ಇದು ಯಾರ ಕೋಟೆ? ನಿಮಗೆ ಗೊತ್ತಿದೆಯಾ?”

“ಗೊತ್ತಿದೆ, ಬಾ” ಎಂದನು ಆತನು. ಉಳಿದ ಮಕ್ಕಳೂ ಬಂದು ಸೇರಿದರು. ತಂದೆ ಬುರುಜಿನ ನೆರಳಿನಲ್ಲಿ ಕುಳಿತು, ಮಗನ ಕಥೆ ಮುಗಿಯುವವರೆಗೆ ಕಾದರು. ಕುಮಟೆಗೆ ಹೋಗುವ ಎರಡು ಬಸ್ಸುಗಳು ಅಷ್ಟರಲ್ಲಿ ತಪ್ಪಿದ್ದವು.