ಕಟ್ಟೆಯೂ ಅವನದೇ, ಸುಂಕವೂ ಅವನದೇ!

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂದು ಹಿರಿಯರ ಗಾದೆ. ಮಾಗಡಿ ರಸ್ತೆಯ ನಮ್ಮ ಸುಂಕದಕಟ್ಟೆಗೆ ಆ ಸುಂಕದ ಹೆಸರಷ್ಟೇ ಉಳಿದಿದೆ. ಆದರೆ ಕಾರ್ಖಾನೆಯ ಕೆಲಸಗಾರನಿಂದ ದಿನಸಿ ಅಂಗಡಿಯವನವರೆಗೆ ಎಲ್ಲರ ಕೈಯ ಮೊಬೈಲಿನಲ್ಲೂ ಹೊಸ ಸುಂಕದ ಕಟ್ಟೆಯೊಂದು ಎದ್ದಿದೆ. ಹೆಸರು ಪ್ಲೇ ಸ್ಟೋರ್, ಒಡೆಯ ಗೂಗಲ್.

ಈ ಬಾಗಿಲಲ್ಲಿ ಡಿಜಿಟಲ್ ಸರಕಿನ ಮಾರಾಟಕ್ಕೆ ನೂರಕ್ಕೆ 30ರವರೆಗೆ ಸುಂಕ ಕೇಳಿದ್ದುಂಟು. ಕೊಡದಿದ್ದರೆ? 2024ರ ಮಾರ್ಚ್ 1ರಂದು, ಶುಲ್ಕದ ತಕರಾರಿನಲ್ಲಿ, ಕೆಲಸ ಹುಡುಕಿಕೊಡುವ ‘ನೌಕರಿ’ ಸೇರಿ ಹಲವು ಭಾರತೀಯ ಆ್ಯಪ್‌ಗಳನ್ನು ಗೂಗಲ್ ಹೊರದಬ್ಬಿತು. ಕೇಂದ್ರ ಸರ್ಕಾರ ನಡುವೆ ಬಂದ ಮೇಲೆ ಮರಳಿ ಸೇರಿಸಿತು. ಕೋಟ್ಯಂತರ ಜನರ ಬಳಕೆಯ ವಸ್ತುವನ್ನು ಒಂದೇ ದಿನದಲ್ಲಿ ಕಿತ್ತುಹಾಕುವ ಅಧಿಕಾರವನ್ನು ಒಂದು ಕಂಪನಿಗೆ ಕೊಟ್ಟವರಾರು?

ಈ ಏಕಸ್ವಾಮ್ಯಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2022ರ ಅಕ್ಟೋಬರಿನಲ್ಲಿ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಹೊರಗಿನಿಂದ ಆ್ಯಪ್ ಇಳಿಸಿಕೊಳ್ಳುವವರಿಗೆ ಅಡ್ಡಿಮಾಡಬಾರದೆಂದೂ ಆಜ್ಞಾಪಿಸಿತು. 2023ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿಯಿತು, ಆ ಆಜ್ಞೆಯನ್ನು ಮಾತ್ರ ರದ್ದುಮಾಡಿತು. ದಂಡ ಕಟ್ಟುವುದು ಧಣಿಗೆ ಕಷ್ಟವಲ್ಲ. ಬಾಗಿಲು ತೆರೆಯುವುದೇ ಕಷ್ಟ!

ಬೇರೆ ದಾರಿಗಳಿಲ್ಲವೆಂದಲ್ಲ. ಸ್ವತಂತ್ರ ತಂತ್ರಾಂಶದ ಸ್ವಯಂಸೇವಕರು 2010ರಿಂದ ‘ಎಫ್-ಡ್ರಾಯ್ಡ್’ ನಡೆಸುತ್ತಿದ್ದಾರೆ; ಅಲ್ಲಿ ಲಾಭದ ಲೆಕ್ಕವಿಲ್ಲ. ಬೆಂಗಳೂರಿನ ಫೋನ್‌ಪೇ 2024ರ ಫೆಬ್ರವರಿಯಲ್ಲಿ ‘ಇಂಡಸ್ ಆ್ಯಪ್‌ಸ್ಟೋರ್’ ತೆರೆಯಿತು. ಕನ್ನಡದಲ್ಲೂ ಇರುವುದು ಸಂತೋಷ. ಆದರೆ ಫೋನ್‌ಪೇಯ ಹೆಚ್ಚಿನ ಪಾಲು ಅಮೆರಿಕದ ವಾಲ್‌ಮಾರ್ಟ್‌ನದು. ಒಬ್ಬ ಧಣಿಯನ್ನು ಬಿಟ್ಟು ಇನ್ನೊಬ್ಬನ ಹೊಸ್ತಿಲು ತುಳಿಯುವುದು ಬಿಡುಗಡೆಯಲ್ಲ.

ಹಿತ್ತಿಲ ದಾರಿಯಲ್ಲಿ ಕಳ್ಳರೂ ಇದ್ದಾರೆಂಬುದು ಸುಳ್ಳಲ್ಲ. ಸಂಚಾರ ದಂಡದ ಚೀಟಿ, ಮದುವೆಯ ಕರೆಯೋಲೆ ಎಂಬ ವೇಷದಲ್ಲಿ ವಾಟ್ಸ್ಆ್ಯಪ್‌ಗೆ ‘ಎಪಿಕೆ’ ಫೈಲು ಬರುತ್ತದೆ. ಅದನ್ನು ಹಾಕಿಕೊಂಡು, ಕೇಳಿದ ಅನುಮತಿಯನ್ನೆಲ್ಲ ಕೊಟ್ಟರೆ, ಬ್ಯಾಂಕಿನ ಓಟಿಪಿ ಕಳ್ಳನ ಕೈಸೇರಿ, ತಿಂಗಳ ಸಂಬಳವೋ ಅಂಗಡಿಯ ಬಂಡವಳವೋ ಮಾಯವಾಗುತ್ತದೆ. ಆದುದರಿಂದ ಸಂದೇಶದಲ್ಲಿ ಬಂದ ಫೈಲನ್ನು, ನೆಂಟರೇ ಕಳಿಸಿರಲಿ, ತೆರೆಯಬೇಡಿ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆಮಾಡಿ.

ಆದರೆ ಕಳ್ಳರ ಭಯ ತೋರಿಸಿ ಊರಿನ ದಾರಿಗಳಿಗೆಲ್ಲ ಒಬ್ಬನೇ ಬೀಗ ಹಾಕುವುದು ರಕ್ಷಣೆಯೇ? ಸಂತೆಯಲ್ಲಿ ಜೇಬುಗಳ್ಳರಿದ್ದರೆ ಪೊಲೀಸರನ್ನು ನಿಲ್ಲಿಸುತ್ತೇವೆಯೇ ಹೊರತು ಸಂತೆಯನ್ನು ಸಾಹುಕಾರನೊಬ್ಬನಿಗೆ ಬರೆದುಕೊಡುವುದಿಲ್ಲ. ಐರೋಪ್ಯ ಒಕ್ಕೂಟದ ಕಾನೂನಿಗೆ ಮಣಿದು 2024ರಲ್ಲಿ ಆಪಲ್ ಕಂಪನಿಯೇ ಅಲ್ಲಿನ ಐಫೋನುಗಳಲ್ಲಿ ಹೊರಗಿನ ಅಂಗಡಿಗಳಿಗೆ ಎಡೆಕೊಟ್ಟಿತು. ಅಲ್ಲಿ ಆದದ್ದು ಇಲ್ಲೇಕಾಗದು?

ಬಾಗಿಲುಗಳು ಹಲವಿರಲಿ; ಕಾವಲು ಸರ್ಕಾರದ್ದಾಗಿರಲಿ; ಸುಂಕದ ದರಕ್ಕೆ ಕಾನೂನಿನ ಮಿತಿಯಿರಲಿ. ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ಒಟ್ಟಾಗಿ ಕೇಳಬೇಕಾದುದು ಇದನ್ನೇ. ಸುಂಕದವನಿಗೆ ಸುಖದುಃಖ ಕೇಳಿಸದು. ಸಂಘಟಿತ ಜನರ ದನಿ ಕೇಳಿಸೀತು.