ತಿದ್ದಿದ್ದೆಲ್ಲ ಕೂಟವಲ್ಲ: ಹಳೆಯ ಬಯೊನೆಟ್‌ಗಳ ನೈಜತೆಯನ್ನು ಕುರಿತು

ಆಧಾರವೊಂದು ನೈಜವೋ ಕೂಟವೋ ಎಂಬ ಪ್ರಶ್ನೆ ಕನ್ನಡ ಸಂಶೋಧನೆಗೆ ಹೊಸದಲ್ಲ. ಗಂಗರ ತಾಮ್ರಪಟಗಳಲ್ಲಿ ಹಲವನ್ನು ಜೆ.ಎಫ್. ಫ್ಲೀಟ್ ಕೂಟವೆಂದು ತಳ್ಳಿಹಾಕಿದುದು, ಬಿ.ಎಲ್. ರೈಸ್ ಅವುಗಳ ಪರವಾಗಿ ವಾದಿಸಿದುದು ವಿದ್ವಾಂಸರಿಗೆ ತಿಳಿದ ಸಂಗತಿ. ಲಿಪಿಯ ಕಾಲ, ತಿಥಿ-ವಾರಗಳ ಹೊಂದಾಣಿಕೆ, ವಂಶಾವಳಿ ಇವು ಒಂದನ್ನೊಂದು ಸಮರ್ಥಿಸಬೇಕೆಂಬ ವಿವೇಕ ಶಾಸನಾಧ್ಯಯನದಲ್ಲಿ ಬೇರೂರಿದೆ. ಆದರೆ ನಾಲ್ಕಾರು ಮುದ್ರೆಗಳಷ್ಟೇ ಇರುವ ವಸ್ತುವಿನ ಮುಂದೆ ಇದೇ ವಿವೇಕ ಮೌನ ತಾಳುವುದುಂಟು. ಬಂದೂಕಿನ ತುದಿಗೆ ಸಿಕ್ಕಿಸುವ ಇರಿಯುವ ಅಲಗು, ಅಂದರೆ ಬಯೊನೆಟ್, ಇದಕ್ಕೊಂದು ಒಳ್ಳೆಯ ನಿದರ್ಶನ.

ಬ್ರಿಟಿಷ್ ಸೇನೆಯ ಲೀ-ಎನ್‌ಫೀಲ್ಡ್ ರೈಫಲ್ಲಿಗಾಗಿ ರೂಪಿಸಿದ 1907ರ ಮಾದರಿಯ ಬಯೊನೆಟ್ಟನ್ನು ಪರಿಶೀಲಿಸಬಹುದು. ಇದರ ಅಲಗು 17 ಅಂಗುಲ. ಹಿಡಿಯ ಸಮೀಪ ಅಲಗಿನ ಮೇಲೆ ಕಿರೀಟ, ದೊರೆಯ ಹೆಸರಿನ ಮೊದಲಕ್ಷರಗಳು, 1907 ಎಂಬ ಅಂಕಿ, ತಯಾರಿಕೆಯ ತಿಂಗಳು-ವರ್ಷ ಹಾಗೂ ತಯಾರಕರ ಹೆಸರು ಇರುತ್ತವೆ. ಇನ್ನೊಂದು ಬದಿಯಲ್ಲಿ ಬಾಣದ ಗುರುತು ಮತ್ತು ಪರೀಕ್ಷಕರ ಮುದ್ರೆಗಳಿರುತ್ತವೆ. ಇಲ್ಲಿ 1907 ಎಂಬುದು ಮಾದರಿಯ ವರ್ಷವೇ ಹೊರತು ತಯಾರಾದ ವರ್ಷವಲ್ಲ. ಶಾಸನದಲ್ಲಿ ಉಲ್ಲೇಖಗೊಂಡ ಕಾಲವನ್ನೂ ಅದನ್ನು ಕಂಡರಿಸಿದ ಕಾಲವನ್ನೂ ಬೇರ್ಪಡಿಸಿ ನೋಡಬಲ್ಲವರು ಇಲ್ಲಿ ಎಡವಬೇಕಾಗಿಲ್ಲ.

ಆರಂಭದ ಬಯೊನೆಟ್‌ಗಳ ಹಿಡಿಯ ಅಡ್ಡಪಟ್ಟಿಗೆ ಕೆಳಮುಖವಾದ ಕೊಕ್ಕೆಯಿತ್ತು. 1913ರಲ್ಲಿ ಅದನ್ನು ಕೈಬಿಡಲಾಯಿತು. ಬಳಕೆಯಲ್ಲಿದ್ದ ಅನೇಕ ಆಯುಧಗಳ ಕೊಕ್ಕೆಯನ್ನು ಸೇನೆಯೇ ಕತ್ತರಿಸಿತು. ಕೊಳೆ ಹೊರಹೋಗಲೆಂದು ಹಿಡಿಯ ತುದಿಯಲ್ಲಿ ರಂಧ್ರ ಕೊರೆಯುವ ಪದ್ಧತಿ 1916ರ ಸುಮಾರಿಗೆ ಬಂದಿತು. ಕೊಕ್ಕೆ ಉಳಿದ ಪ್ರತಿಗಳು ವಿರಳವಾದುದರಿಂದ ಅವುಗಳ ಬೆಲೆ ಹೆಚ್ಚು. ಆದಕಾರಣ ಕೊಕ್ಕೆಯಿಲ್ಲದವಕ್ಕೆ ಅದನ್ನು ಬೆಸೆದು ಮಾರುವವರೂ ಇದ್ದಾರೆ. ಬ್ರಿಟನ್ನಿನಲ್ಲಿ 1917ರಲ್ಲಿ ತಯಾರಾದುದೆಂದು ಮುದ್ರೆಯಿರುವ ಅಲಗಿಗೆ ಕೊಕ್ಕೆಯಿದ್ದರೆ, ಅದು ತಿಥಿಗೂ ವಾರಕ್ಕೂ ಹೊಂದದ ಶಾಸನದಂತೆಯೇ ಸಂದೇಹಾಸ್ಪದ. ಹೀಗೆ ಕೊಕ್ಕೆ ಕಳೆದುಕೊಂಡದ್ದು ನೈಜವೂ ಕೊಕ್ಕೆಯಿಂದ ಶೋಭಿಸುವುದು ಕೂಟವೂ ಆಗಿರುವ ಸಾಧ್ಯತೆಯುಂಟು. ಪೂರ್ಣತೆಯೇ ನೈಜತೆಯೆಂಬ ಗ್ರಹಿಕೆಯ ದೋಷ ಇಲ್ಲಿ ಸ್ಪಷ್ಟವಾಗುತ್ತದೆ.

ಈ ದೋಷದಿಂದ ಹೆಚ್ಚು ನಷ್ಟವಾಗುವುದು ಭಾರತದ ಚರಿತ್ರೆಗೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಲ್ಲಿ ಈ ಮಾದರಿಯ ಎಷ್ಟೋ ಅಲಗುಗಳನ್ನು 12 ಅಂಗುಲಕ್ಕೆ ಮೊಟಕುಗೊಳಿಸಲಾಯಿತು. ಮೂಲ ಅಲಗಿನಲ್ಲಿ ಉದ್ದಕ್ಕೂ ತೋಡಿದ ಕಾಲುವೆ ಮೊನೆಗಿಂತ ಸಾಕಷ್ಟು ಹಿಂದೆಯೇ ನಿಲ್ಲುತ್ತದೆ. ಮೊಟಕಾದವುಗಳಲ್ಲಿ ಅದು ಮೊನೆಯವರೆಗೂ ಚಾಚುತ್ತದೆ. ಬೆಲೆಯನ್ನಷ್ಟೇ ಬಲ್ಲ ಸಂಗ್ರಾಹಕನಿಗೆ ಇದು ಕೆಡಿಸಿದ ವಸ್ತು. ಚರಿತ್ರಕಾರನಿಗಾದರೋ ಒಂದೇ ಉಕ್ಕಿನ ಮೇಲೆ ಎರಡು ಯುದ್ಧಗಳ ಕಾಲ ದಾಖಲಾಗಿದೆ. ಮೊಟಕುಗೊಳಿಸಿದುದು ಶಸ್ತ್ರಾಗಾರವೋ ಖಾಸಗಿ ಕೈಯೋ ಎಂಬುದನ್ನು ಮುದ್ರೆಗಳು, ಒರೆ ಮತ್ತು ಕಡಿತದ ರೀತಿ ಇವೆಲ್ಲವನ್ನೂ ಒಟ್ಟಿಗಿಟ್ಟು ನಿರ್ಣಯಿಸಬೇಕೇ ಹೊರತು ಯಾವುದೋ ಒಂದು ಗುರುತಿನ ಬಲದಿಂದಲ್ಲ. ಹೊಸ ಮುದ್ರೆಯನ್ನು ಒತ್ತುವುದು ಸುಲಭ. ಎಲ್ಲ ಲಕ್ಷಣಗಳನ್ನೂ ಪರಸ್ಪರ ಹೊಂದಿಸುವುದು ಕಷ್ಟ.

ಗ್ರಂಥಸಂಪಾದನೆಯಲ್ಲಿ ಪ್ರಕ್ಷಿಪ್ತ ಪದ್ಯವನ್ನು ಕವಿಯ ಪಾಠದಿಂದ ಬೇರ್ಪಡಿಸಲಾಗುತ್ತದೆ, ನಾಶಪಡಿಸಲಾಗುವುದಿಲ್ಲ. ಅದು ಸೇರಿದ ಕಾಲಕ್ಕೆ ಅದೂ ಸಾಕ್ಷಿಯೇ. ಕೂಟಶಾಸನವೂ ಹಾಗೆಯೇ: ಹೇಳಿಕೊಳ್ಳುವ ಕಾಲಕ್ಕಲ್ಲದಿದ್ದರೂ ಹುಟ್ಟಿದ ಕಾಲಕ್ಕೆ ಅದು ಆಧಾರವಾಗುತ್ತದೆ. ಆಯುಧಗಳ ವಿಷಯದಲ್ಲಿಯೂ ಮೂಲ, ಸೇನೆಯ ತಿದ್ದುಪಡಿ, ವ್ಯಾಪಾರಿಯ ಕೈವಾಡ ಎಂಬ ಮೂರು ಸ್ತರಗಳನ್ನು ವಿಂಗಡಿಸುವುದು ಅವಶ್ಯಕ. ಈ ವಿಂಗಡಣೆಗೆ ಮುನ್ನವೇ ತುಕ್ಕನ್ನು ಉಜ್ಜಿ ಆಯುಧವನ್ನು ಹೊಳೆಯಿಸುವುದು ಓಲೆಗರಿಯ ಅಕ್ಷರಗಳನ್ನು ಕೆರೆದು ಗರಿಯನ್ನು ಶುಚಿಗೊಳಿಸಿದಂತೆ.

ಸ್ಥಳೀಯ ಚರಿತ್ರೆ ಹಾಗೂ ಮನೆತನಗಳ ಅಧ್ಯಯನದಲ್ಲಿ ಕತ್ತಿ, ಬಂದೂಕು, ಬಯೊನೆಟ್‌ಗಳು ಆಧಾರಗಳಾಗಿ ಬರುತ್ತವೆ. ಅಲ್ಲಿ ಮನೆಯವರ ಮಾತನ್ನೋ ಪ್ರದರ್ಶನದ ಚೀಟಿಯನ್ನೋ ಉದ್ಧರಿಸಿ ಮುಂದುವರಿಯುವುದು ಮೂಲವನ್ನು ನೋಡದೆ ಶಾಸನವನ್ನು ಉದ್ಧರಿಸುವುದಕ್ಕೆ ಸಮಾನ. ಕನ್ನಡ ವಿಭಾಗಗಳಿಗೆ ಇದಕ್ಕಾಗಿ ಹೊಸ ಶಾಸ್ತ್ರವೊಂದು ಬೇಕಿಲ್ಲ. ತಾಮ್ರಪಟದ ಮುಂದೆ ತೋರುವ ಸಂದೇಹ ಮತ್ತು ತಾಳ್ಮೆಯನ್ನು ಉಕ್ಕಿನ ಮುಂದೆಯೂ ತೋರಿದರೆ ಸಾಕು.