ಎಲ್ಲಿ ನಿಲ್ಲಿಸಿದರೂ ನಿಂತವನು

ಲೋಕದಲ್ಲಿ ಮನುಷ್ಯನಿಗೆ ಬರುವ ಹೆಸರು ಬಹುಮಟ್ಟಿಗೆ ಆತನು ನಿಂತಿರುವ ಸ್ಥಾನವನ್ನು ಆಶ್ರಯಿಸಿಕೊಂಡು ಬರುವುದು. ಒಂದೇ ಸ್ಥಾನದಲ್ಲಿ ಬಹುಕಾಲ ನಿಂತವನನ್ನು ಜನರು ಬೇಗನೆ ಗುರುತಿಸುವರು. ಕೊರತೆ ಬಿದ್ದ ಕಡೆಗೆಲ್ಲ ಹೋಗಿ ನಿಲ್ಲುವವನನ್ನು ಏನೆಂದು ಕರೆಯಬೇಕೆಂಬುದೇ ಅವರಿಗೆ ತೋಚದು. ಈ ಮಾತಿನ ಸತ್ಯವು ಕಳೆದ ತಿಂಗಳು ನಮ್ಮ ಮನೆಯ ಜಗಲಿಯ ಮೇಲೆಯೇ ನಮ್ಮ ಅನುಭವಕ್ಕೆ ಬಂದಿತು.

ನಮ್ಮ ಮೊಮ್ಮಗನಿಗೆ ಈಗ ಹತ್ತು ವರ್ಷ. ಸಂಜೆಯಾಯಿತೆಂದರೆ ಕೇರಿಯ ಹುಡುಗರೊಡನೆ ಫುಟ್‌ಬಾಲ್ ಆಡುವುದು ಅವನ ನಿತ್ಯಕರ್ಮ. ಅಂದು ಮಾತ್ರ ದೀಪ ಹಚ್ಚುವುದಕ್ಕೆ ಮೊದಲೇ ಮುಖವನ್ನು ಊದಿಸಿಕೊಂಡು ಹಿಂದಿರುಗಿದನು. ಕಾರಣವನ್ನು ಕೇಳಲಾಗಿ, "ತಾತ, ಎಲ್ಲರಿಗೂ ಒಂದೊಂದು ಜಾಗ ಕೊಟ್ಟರು. ನನಗೆ ಮಾತ್ರ, ನೀನು ಎಲ್ಲಿ ಬೇಕಾದರೂ ಆಡುತ್ತೀಯೆ, ಯಾರು ಬರುವುದಿಲ್ಲವೋ ಅವರ ಜಾಗದಲ್ಲಿ ನಿಂತುಕೊ, ಎಂದುಬಿಟ್ಟರು" ಎಂದು ಹೇಳಿ ಕಣ್ಣೊರೆಸಿಕೊಂಡನು.

ಹುಡುಗನ ದುಃಖವು ನಮಗೆ ಹೊಸದಾಗಿ ತೋರಲಿಲ್ಲ. ನಾವು ಶಾಲೆಯಲ್ಲಿ ಸಂಸ್ಕೃತವನ್ನು ಬೋಧಿಸುತ್ತಿದ್ದವರು. ಆದರೆ ಗಣಿತದ ಮೇಷ್ಟರು ರಜೆ ಹಾಕಿದರೂ, ಡ್ರಿಲ್ ಮೇಷ್ಟರಿಗೆ ಜ್ವರ ಬಂದರೂ, ಆ ತರಗತಿಗೆ ನಮ್ಮನ್ನೇ ಅಟ್ಟುತ್ತಿದ್ದರು. ಈ ಆಟದ ನಿಯಮಗಳನ್ನು ನಾವು ಕಲಿತದ್ದೂ ಹಾಗೆಯೇ, ಇನ್ನೊಬ್ಬರ ಸೀಟಿಯನ್ನು ಕೈಯಲ್ಲಿ ಹಿಡಿದು ಬಿಸಿಲಿನಲ್ಲಿ ನಿಂತುಕೊಂಡು. ಆದುದರಿಂದ ಹುಡುಗನನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಪಾಲ್ ಮೇಡ್ಲಿ ಎಂಬ ಆಂಗ್ಲೇಯ ಆಟಗಾರನ ಕಥೆಯನ್ನು ಹೇಳಿದೆವು. ಅದನ್ನೇ ಈ ತಿಂಗಳು ವಾಚಕರ ಮುಂದೆಯೂ ಇಡುತ್ತಿರುವೆವು.

ಇಂಗ್ಲೆಂಡಿನ ಉತ್ತರ ಭಾಗದ ಯಾರ್ಕ್‌ಷೈರ್ ಪ್ರಾಂತ್ಯದಲ್ಲಿ ಲೀಡ್ಸ್ ಎಂಬ ನಗರವುಂಟು. ಉಣ್ಣೆಯ ಗಿರಣಿಗಳಿಂದ ಬೆಳೆದ ಊರು. ಅಲ್ಲಿಯ ಬೀಸ್ಟನ್ ಎಂಬ ಬಡಾವಣೆಯಲ್ಲಿ 1944ನೆಯ ಇಸವಿ ಸೆಪ್ಟೆಂಬರ್ ತಿಂಗಳಲ್ಲಿ ಮೇಡ್ಲಿಯು ಜನಿಸಿದನು. ಲೀಡ್ಸ್ ಯುನೈಟೆಡ್ ಸಂಘದ ಎಲೆಂಡ್ ರೋಡ್ ಮೈದಾನವು ಆ ಬಡಾವಣೆಯ ಮಗ್ಗುಲಲ್ಲಿಯೇ ಇರುವುದು. ಹತ್ತೊಂಬತ್ತನೆಯ ವಯಸ್ಸಿನಲ್ಲಿ, 1964ರ ಜನವರಿಯಲ್ಲಿ, ಆತನು ಆ ಸಂಘದ ಪರವಾಗಿ ಮೊದಲ ಪಂದ್ಯವನ್ನಾಡಿದನು; 1980ರಲ್ಲಿ ಆಟದಿಂದ ನಿವೃತ್ತನಾದನು. ಈ ನಡುವೆ ಬೇರೊಂದು ಸಂಘದ ಅಂಗಿಯನ್ನು ತೊಟ್ಟವನಲ್ಲ. ಆಡಿದ ಪಂದ್ಯಗಳು ಒಟ್ಟು 700ಕ್ಕೂ ಹೆಚ್ಚು. ಅವುಗಳಲ್ಲಿ ಲೀಗ್ ಪಂದ್ಯಗಳೇ 536. ಸಂಘದ ಮುಖ್ಯಸ್ಥನಾಗಿದ್ದ ಡಾನ್ ರೆವಿಯೊಡನೆ ಕರಾರಿನ ಮಾತು ಬಂದಾಗ, ಬರಿಯ ಕಾಗದಕ್ಕೆ ರುಜು ಹಾಕಿ, ಮೊತ್ತವನ್ನು ನೀವೇ ತುಂಬಿಕೊಳ್ಳಿರಿ ಎಂದು ಕೊಟ್ಟನೆಂಬ ಪ್ರತೀತಿಯೂ ಉಂಟು.

ಈಗ ಆತನ ವಿಶೇಷವು ವಾಚಕರಿಗೆ ಮನದಟ್ಟಾಗಬೇಕಾದರೆ ಆ ಕಾಲದ ಪದ್ಧತಿಯನ್ನು ಸ್ವಲ್ಪ ವಿವರಿಸಬೇಕು. ಹನ್ನೊಂದು ಮಂದಿಯ ಬೆನ್ನಿನ ಮೇಲೆ ಒಂದರಿಂದ ಹನ್ನೊಂದರವರೆಗೆ ಅಂಕೆಗಳಿರುತ್ತಿದ್ದವು, ಹೆಸರು ಇರುತ್ತಿರಲಿಲ್ಲ. ಆ ಅಂಕೆಯು ವ್ಯಕ್ತಿಯದಲ್ಲ, ಸ್ಥಾನದ್ದು. ಒಂದು ಎಂದರೆ ಗೋಲ್‌ಕೀಪರ್. ಎರಡು ಬಲಗಡೆಯ ರಕ್ಷಕ, ಮೂರು ಎಡಗಡೆಯವನು. ಐದು ರಕ್ಷಣಪಂಕ್ತಿಯ ನಡುಗಂಬ. ಒಂಬತ್ತು ಎಲ್ಲರಿಗಿಂತ ಮುಂದೆ ನಿಂತು ಗೋಲು ಹೊಡೆಯಬೇಕಾದವನು. ಆಟಗಾರರು ಸಾಮಾನ್ಯವಾಗಿ ಒಂದು ಅಂಕೆಯನ್ನು ಹಿಡಿದು ಅದರಲ್ಲಿಯೇ ಜೀವಮಾನವನ್ನು ಕಳೆಯುತ್ತಿದ್ದರು. ಮೇಡ್ಲಿಯು ಮುಖ್ಯವಾಗಿ ರಕ್ಷಕನೇ ಆದರೂ, ಎರಡರಿಂದ ಹನ್ನೊಂದರವರೆಗಿನ ಪ್ರತಿಯೊಂದು ಅಂಕೆಯನ್ನೂ ಬೆನ್ನಿನ ಮೇಲೆ ಹೊತ್ತವನು. ಆತನು ನಿಲ್ಲದೆ ಉಳಿದ ಸ್ಥಾನವೆಂದರೆ ಗೋಲ್‌ಕೀಪರನದೊಂದೇ.

ಇಂತಹವನ ಬೆಲೆ ಆಗ ಎಷ್ಟಿತ್ತೆಂಬುದಕ್ಕೆ ಇನ್ನೊಂದು ಕಾರಣವಿದೆ. 1965ಕ್ಕೆ ಮೊದಲು ಇಂಗ್ಲೆಂಡಿನ ಲೀಗ್ ಪಂದ್ಯಗಳಲ್ಲಿ ಬದಲಿ ಆಟಗಾರನೆಂಬುವನೇ ಇರಲಿಲ್ಲ. ಒಬ್ಬನ ಕಾಲು ಮುರಿದರೆ ಉಳಿದ ಹತ್ತು ಮಂದಿಯೇ ಆಡಿ ಮುಗಿಸಬೇಕಾಗಿತ್ತು. ಆ ವರ್ಷ ಗಾಯಗೊಂಡವನಿಗೆ ಪ್ರತಿಯಾಗಿ ಒಬ್ಬನನ್ನು ಇಳಿಸಲು ಅನುಮತಿ ದೊರೆಯಿತು. 1967ರಲ್ಲಿ ಯಾವ ಕಾರಣಕ್ಕಾದರೂ ಸರಿ ಎಂದಾಯಿತು. ಆದರೂ ಆ ಒಬ್ಬನೇ. ಆ ಒಬ್ಬನು ಎಲ್ಲಿಯಾದರೂ ನಿಲ್ಲಬಲ್ಲವನಾದರೆ ಹತ್ತು ಮಂದಿಯನ್ನು ಕಾದಿರಿಸಿದಂತೆ.

ಲೀಡ್ಸ್ ಸಂಘದ ಮಹಾಪಂದ್ಯಗಳನ್ನು ಸಾಲಾಗಿ ನೋಡಿರಿ. 1968ರ ಮಾರ್ಚಿಯಲ್ಲಿ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಆರ್ಸೆನಲ್ ಸಂಘವನ್ನು ಸೋಲಿಸಿ ಲೀಗ್ ಕಪ್ಪನ್ನು ಗೆದ್ದಾಗ ಮೇಡ್ಲಿಯ ಬೆನ್ನಿನ ಮೇಲೆ ಒಂಬತ್ತು. 1970ರ ಏಪ್ರಿಲಿನಲ್ಲಿ ಅದೇ ಮೈದಾನದಲ್ಲಿ ಚೆಲ್ಸಿಯೊಡನೆ ಎಫ್. ಎ. ಕಪ್ಪಿನ ಅಂತಿಮ ಪಂದ್ಯ. ಪಾಲ್ ರೀನಿ ಎಂಬ ರಕ್ಷಕನ ಕಾಲು ಮುರಿದಿತ್ತು, ಮೇಡ್ಲಿಯ ಬೆನ್ನಿನ ಮೇಲೆ ಎರಡು. 1972ರಲ್ಲಿ ಆ ಕಪ್ಪನ್ನು ಸಂಘವು ಮೊದಲ ಬಾರಿಗೆ ಗೆದ್ದ ದಿನ ಟೆರಿ ಕೂಪರನ ಕಾಲು ಮುರಿದಿತ್ತು, ಮೇಡ್ಲಿಯ ಬೆನ್ನಿನ ಮೇಲೆ ಮೂರು. 1973ರಲ್ಲಿ ಸಂಡರ್ಲೆಂಡ್ ಎಂಬ ಎರಡನೆಯ ದರ್ಜೆಯ ಸಂಘದ ಕೈಯಲ್ಲಿ ಸೋತ ದಿನ ಜ್ಯಾಕ್ ಚಾರ್ಲ್ಟನನಿರಲಿಲ್ಲ, ಮೇಡ್ಲಿಯ ಬೆನ್ನಿನ ಮೇಲೆ ಐದು. ಐದು ವರ್ಷ, ಒಂದೇ ಮೈದಾನ, ನಾಲ್ಕು ಅಂಕೆ! ಇದಲ್ಲದೆ 1971ರಲ್ಲಿ ಯೂರೋಪಿನ ಫೇರ್ಸ್ ಕಪ್ಪಿನ ಅಂತಿಮದಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ಯುವೆಂಟಸ್ ಸಂಘದ ಮೇಲೆ ಆತನೇ ಒಂದು ಗೋಲನ್ನು ಹೊಡೆದನು. ಎರಡು ಪಂದ್ಯಗಳೂ ಸಮವಾಗಿ ಮುಗಿದು, ಪರಸ್ಥಳದಲ್ಲಿ ಹೆಚ್ಚು ಗೋಲು ಹೊಡೆದವರಿಗೆ ಜಯವೆಂಬ ನಿಯಮದಂತೆ ಕಪ್ಪು ಲೀಡ್ಸಿಗೆ ಬಂದಿತು.

ವ್ಯಾಕರಣವನ್ನು ಬಲ್ಲವರಿಗೆ ಇಲ್ಲಿ 'ಅವ್ಯಯ'ದ ನೆನಪಾಗದಿರದು. ಸಂಸ್ಕೃತದಲ್ಲಿ ನಾಮಪದವು ಲಿಂಗಕ್ಕೊಂದು, ವಿಭಕ್ತಿಗೊಂದು, ವಚನಕ್ಕೊಂದು ರೂಪವನ್ನು ತಾಳುವುದು. ಅವ್ಯಯವೆಂಬ ಪದಜಾತಿಯು ಹಾಗಲ್ಲ. ವಾಕ್ಯದಲ್ಲಿ ಎಲ್ಲಿ ಇಟ್ಟರೂ, ಯಾವುದರ ಪಕ್ಕದಲ್ಲಿ ನಿಲ್ಲಿಸಿದರೂ ಅದು ತನ್ನ ರೂಪವನ್ನು ಬಿಡದೆ ಕೆಲಸವನ್ನು ಮಾಡುವುದು. ಮಕ್ಕಳು ಶಬ್ದಗಳನ್ನು ಬಾಯಿಪಾಠ ಮಾಡುವಾಗ ಅವ್ಯಯಗಳ ಗೋಜಿಗೆ ಹೋಗುವುದೇ ಇಲ್ಲ. ಆದರೆ ಅವುಗಳಿಲ್ಲದೆ ನಾಲ್ಕು ವಾಕ್ಯಗಳನ್ನು ಜೋಡಿಸಲಾರರು. ಮೇಡ್ಲಿಯ ಆಟವನ್ನು ಕಂಡವರು ಹೇಳಿದ್ದೂ ಇದನ್ನೇ. ಎಲ್ಲಿ ಆಡಿದರೂ ಅದೇ ನೀಳವಾದ ಹೆಜ್ಜೆ, ಅದೇ ಶಾಂತಿ. ಸದ್ದಿಲ್ಲದೆ ಸಾಗುವ ಆತನನ್ನು 'ರೋಲ್ಸ್ ರಾಯ್ಸ್' ಕಾರಿಗೆ ಹೋಲಿಸುತ್ತಿದ್ದರು.

ಆದರೆ ಅವ್ಯಯವೆಂದರೆ ವ್ಯಯವಿಲ್ಲದ್ದು ಎಂದರ್ಥ. ಮನುಷ್ಯದೇಹವು ಹಾಗಲ್ಲವಷ್ಟೆ! ಈ ಕಥೆಯಲ್ಲಿ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸುವ ಭಾಗವು ಇಲ್ಲಿಂದ ಮುಂದಿನದು.

1969ರಲ್ಲಿ ಲೀಡ್ಸ್ ಸಂಘವು ಮೊಟ್ಟಮೊದಲ ಬಾರಿಗೆ ಲೀಗ್ ಪ್ರಶಸ್ತಿಯನ್ನು ಗಳಿಸಿತ್ತು. ಮರುವರ್ಷ ಲೀಗ್, ಎಫ್. ಎ. ಕಪ್, ಯೂರೋಪಿಯನ್ ಕಪ್ ಎಂಬ ಮೂರನ್ನೂ ಒಟ್ಟಿಗೆ ಗೆಲ್ಲಬೇಕೆಂಬ ಹಟ ಹುಟ್ಟಿತು. ಆ ವರ್ಷ ಮೆಕ್ಸಿಕೋ ದೇಶದಲ್ಲಿ ವಿಶ್ವಕಪ್ ನಡೆಯಬೇಕಾಗಿದ್ದುದರಿಂದ ಇಂಗ್ಲೆಂಡಿನ ಪಂದ್ಯಗಳನ್ನೆಲ್ಲ ಬೇಗ ಬೇಗನೆ ಮುಗಿಸುತ್ತಿದ್ದರು. ಸಂಘವು ಆಡಿದ ಪಂದ್ಯಗಳು 60ನ್ನು ಮೀರಿದವು. ಕಪ್ಪಿನ ಉಪಾಂತ್ಯ ಪಂದ್ಯವೊಂದನ್ನೇ ಮ್ಯಾಂಚೆಸ್ಟರ್ ಯುನೈಟೆಡ್ ಸಂಘದೊಡನೆ ಮೂರು ಸಲ ಆಡಬೇಕಾಯಿತು. ಕಡೆಗೆ ಲೀಗ್ ಪ್ರಶಸ್ತಿಯು ಎವರ್ಟನ್ನಿಗೆ, ಕಪ್ಪು ಚೆಲ್ಸಿಗೆ ಹೋದವು; ಯೂರೋಪಿನ ಉಪಾಂತ್ಯದಲ್ಲಿ ಸ್ಕಾಟ್ಲೆಂಡಿನ ಸೆಲ್ಟಿಕ್ ಸಂಘವು ಸೋಲಿಸಿತು. ಮೂರಕ್ಕೆ ಕೈ ಚಾಚಿದವರಿಗೆ ಒಂದೂ ದಕ್ಕಲಿಲ್ಲ.

ಈ ಬಳಲಿಕೆಯ ನಡುವೆ ಮೇಡ್ಲಿಗೆ ಕರೆ ಬಂದಿತು. ಕಾಲು ಮುರಿದ ರೀನಿಯ ಬದಲಿಗೆ ರಾಷ್ಟ್ರತಂಡದೊಡನೆ ಮೆಕ್ಸಿಕೋ ದೇಶಕ್ಕೆ ಹೊರಡಬೇಕೆಂದು ಇಂಗ್ಲೆಂಡಿನ ವ್ಯವಸ್ಥಾಪಕನಾದ ಸರ್ ಆಲ್ಫ್ ರ‍್ಯಾಮ್ಸೆಯು ಹೇಳಿ ಕಳುಹಿಸಿದನು. 1966ರಲ್ಲಿ ವಿಶ್ವಕಪ್ಪನ್ನು ಗೆದ್ದುಕೊಟ್ಟ ಮಹಾನುಭಾವನ ಕರೆ! ಮೇಡ್ಲಿಯು ಅದುವರೆಗೆ ದೇಶದ ಪರವಾಗಿ ಒಂದು ಪಂದ್ಯವನ್ನೂ ಆಡಿರಲಿಲ್ಲ. ಈ ಸಲವೂ ಆತನನ್ನು ಕರೆದದ್ದು ಇನ್ನೊಬ್ಬನ ಜಾಗಕ್ಕೆ. ಆತನು ತನಗೆ ದಣಿವಾಗಿದೆಯೆಂದೂ ಹೋಗಲಾರೆನೆಂದೂ ತಿಳಿಸಿಬಿಟ್ಟನು.

ಅದೇ ಸಂಘದ ಚಾರ್ಲ್ಟನ್, ಕೂಪರ್, ಹಂಟರ್, ಕ್ಲಾರ್ಕ್ ಎಂಬ ನಾಲ್ವರು ಅಷ್ಟೇ ದಣಿದಿದ್ದರೂ ಹೋದರು. ಆದುದರಿಂದ ಮೇಡ್ಲಿಯ ನಿರಾಕರಣೆಯನ್ನು ಸರಿಯಲ್ಲವೆನ್ನುವವರೂ ಇರಬಹುದು. ಅದರ ಬೆಲೆಯನ್ನೂ ಆತನು ತೆತ್ತನು. 1971ರಲ್ಲಿ ದೇಶದ ಅಂಗಿಯನ್ನು ತೊಟ್ಟು, 1977ರವರೆಗೆ 24 ಪಂದ್ಯಗಳನ್ನಾಡಿದನಾದರೂ ವಿಶ್ವಕಪ್ಪಿನ ಮೈದಾನವು ಆತನಿಗೆ ಲಭಿಸಲೇ ಇಲ್ಲ. 1973ರ ಅಕ್ಟೋಬರ್ 17ರಂದು ವೆಂಬ್ಲಿಯಲ್ಲಿ ಪೋಲೆಂಡನ್ನು ಸೋಲಿಸಿದ್ದರೆ ಇಂಗ್ಲೆಂಡಿಗೆ ಮುಂದಿನ ವಿಶ್ವಕಪ್ಪಿನ ಬಾಗಿಲು ತೆರೆಯುತ್ತಿತ್ತು. ಆ ರಾತ್ರಿ ಬಲಗಡೆಯ ರಕ್ಷಕನಾಗಿ ನಿಂತವನು ಮೇಡ್ಲಿಯೇ. ಪೋಲೆಂಡಿನ ಗೋಲ್‌ಕೀಪರ್ ತೊಮಾಶೆವ್‌ಸ್ಕಿಯು ಗೋಡೆಯಂತೆ ನಿಂತನು. ಪಂದ್ಯವು ಒಂದಕ್ಕೊಂದು ಸಮವಾಗಿ, ಬಾಗಿಲು ಮುಚ್ಚಿತು. ಒಮ್ಮೆ ಬಂದ ಕರೆಯು ಎರಡನೆಯ ಸಲ ಬರುವುದೆಂದು ನೆಚ್ಚುವಂತಿಲ್ಲವಷ್ಟೆ.

ಆಟವನ್ನು ಬಿಟ್ಟಮೇಲೆ ಮೇಡ್ಲಿಯು ತನ್ನ ಕುಟುಂಬದವರ ವ್ಯಾಪಾರಕ್ಕೆ ಸೇರಿದನು. ಮನೆಯ ದುರಸ್ತಿಗೂ ಅಲಂಕಾರಕ್ಕೂ ಬೇಕಾದ ಸಾಮಾನುಗಳ ಅಂಗಡಿಗಳು. ಮುಪ್ಪಿನಲ್ಲಿ ಪಾರ್ಕಿನ್ಸನ್ ಎಂಬ ನಡುಕದ ರೋಗವು ಆ ಸ್ಥಿರವಾದ ದೇಹವನ್ನು ಹಿಡಿದಿತು. 2018ರ ಜುಲೈ 23ರಂದು, ತನ್ನ 73ನೆಯ ವಯಸ್ಸಿನಲ್ಲಿ ತೀರಿಕೊಂಡನು.

ಇಷ್ಟನ್ನು ನಾವು ಹೇಳಿ ಮುಗಿಸುವಾಗ ನಮ್ಮ ಮನೆಯಾಕೆ ಹೊಸಿಲಿನ ಬಳಿ ಕುಳಿತು ಅವರೆಕಾಯಿ ಬಿಡಿಸುತ್ತಿದ್ದರು. ಅವರಿಗೆ ಫುಟ್‌ಬಾಲಿನ ಗಂಧವಿಲ್ಲ. ಆದರೂ ಕೈಯನ್ನು ನಿಲ್ಲಿಸಿ, "ಆತ ಬರಲಾರೆ ಎಂದಾಗ ಅವರು ಕೋಪಿಸಿಕೊಳ್ಳಲಿಲ್ಲವೆ?" ಎಂದು ಕೇಳಿದರು.

"ಇಲ್ಲ. ಮರುವರ್ಷ ಅದೇ ರ‍್ಯಾಮ್ಸೆಯೇ ಕರೆದು ಆಡಿಸಿದನು" ಎಂದೆವು.

"ಹಾಗಾದರೆ ಕರೆದವನೂ ದೊಡ್ಡವನೇ" ಎಂದು ಹೇಳಿ ಮತ್ತೆ ಕಾಯಿಗೆ ಕೈ ಹಾಕಿದರು.

ಆ ಮಾತು ನಮ್ಮನ್ನು ಚುಚ್ಚಿತು. ಕಳೆದ ವರ್ಷ ನಮ್ಮ ಮನೆಯಲ್ಲಿ ಮದುವೆ ನಡೆದಾಗ ಅಡಿಗೆಯವನು ಕೈಕೊಟ್ಟರೆ ಒಲೆಯ ಮುಂದೆ, ಉಗ್ರಾಣಕ್ಕೆ ಜನವಿಲ್ಲದಿದ್ದರೆ ಉಗ್ರಾಣದಲ್ಲಿ, ಬೀಗರು ಮುನಿದರೆ ಬೀಗರ ಮುಂದೆ ನಿಂತವರು ಇವರೇ. ಆ ಮೂರು ದಿನವೂ ಇವರಿಗೆ ಜ್ವರವಿತ್ತೆಂಬುದು ನಮಗೆ ನಾಲ್ಕನೆಯ ದಿನ ಸೊಸೆಯ ಬಾಯಿಂದ ತಿಳಿಯಿತು. ಇನ್ನೊಬ್ಬರ ತರಗತಿಗೆ ತಮ್ಮನ್ನು ಅಟ್ಟಿದರೆಂದು ಸಾಯಂಕಾಲ ಮನೆಗೆ ಬಂದು ಗೊಣಗುತ್ತಿದ್ದವರು ನಾವು. ಆ ಗೊಣಗಾಟವನ್ನು ನಿಂತು ಕೇಳಿ ಕಾಫಿ ಕೊಡುತ್ತಿದ್ದವರು ಇವರು. ಅಷ್ಟು ವರ್ಷಗಳಲ್ಲಿ 'ಇಂದು ನನ್ನಿಂದಾಗದು' ಎಂಬ ಮಾತನ್ನು ಇವರ ಬಾಯಿಂದ ನಾವು ಕೇಳಿಲ್ಲ. ಹೇಳಿದ್ದರೆ ರ‍್ಯಾಮ್ಸೆಯಂತೆ ನಡೆದುಕೊಳ್ಳುತ್ತಿದ್ದೆವೆ ಎಂಬುದೂ ಸಂದೇಹವೇ.

ಮರುದಿನ ಬೆಳಿಗ್ಗೆ ನಾವೇ ಎದ್ದು ಕಾಫಿಯನ್ನು ಬೆರೆಸಿದೆವು. ಡಿಕಾಕ್ಷನ್ ನೀರಾಗಿತ್ತು. ಇವರು ಏನೂ ಹೇಳದೆ ಕುಡಿದರು. ಆದರೆ ಲೋಟವನ್ನು ತೊಳೆಯಲು ಏಳಲಿಲ್ಲ.

ವಾಚಕರೇ, ನಿಮ್ಮ ಮನೆಯಲ್ಲಿಯೂ ಇಂತಹ ಒಬ್ಬರು ಇದ್ದೇ ಇರುವರು. ಅವರನ್ನು ಎಲ್ಲ ಕೆಲಸಕ್ಕೂ ಕರೆಯುವುದು ಸುಲಭ. ಕರೆಯುವುದಕ್ಕೆ ಮೊದಲು ದಣಿದಿದ್ದಾರೆಯೇ ಎಂದು ಮುಖವನ್ನು ನೋಡುವ ಅಭ್ಯಾಸವು ನಮಗೆ ತಡವಾಗಿ ಬಂದಿತು. ನಿಮಗೆ ಬೇಗನೆ ಬರಲಿ.

ಮೊಮ್ಮಗನ ವಿಷಯವನ್ನು ಮರೆತೆವು. ಅವನು ಮರುದಿನ ಸಂಜೆ ಹುಡುಗರ ಬಳಿಗೆ ಹೋಗಿ ಒಂದು ಕರಾರನ್ನು ಮಾಡಿಕೊಂಡು ಬಂದನು. ವಾರದಲ್ಲಿ ಐದು ದಿನ ಖಾಲಿಯಿದ್ದ ಜಾಗದಲ್ಲಿ ಆಡುವನಂತೆ. ಶನಿವಾರ ಮಾತ್ರ ತಾನು ಕೇಳಿದ ಜಾಗವನ್ನು ಕೊಡಬೇಕಂತೆ. ಭಾನುವಾರ ಏನು ಮಾಡುವೆಯೆಂದು ಕೇಳಿದೆವು. "ಭಾನುವಾರ ನಾನು ಬರುವುದಿಲ್ಲ ಎಂದು ಹೇಳಿದ್ದೇನೆ, ತಾತ" ಎಂದನು.